ಒಗೆಯದ ಟವೆಲ್ಲು

ಹೆಣ್ಣು ನೋಡಲು ಬಂದವರು ಹಾಡು ಕೇಳಲಿ, ಅಡುಗೆ ಕೇಳಲಿ, ಸಹಿಸಬಹುದು. ಹೂ ಮುಡಿಸುವ ನೆಪದಲ್ಲಿ ಮೂಸಿ ನೋಡಿದರೆ? ನಾನೇನು ಗಾಡಿಯ ಮೇಲಿಟ್ಟ ಕರಬೂಜದ ಹಣ್ಣೇ?

ಮೂಸಿದ್ದು ಪ್ರೇಮಲೀಲಾ, ಸಿದ್ದೇಶನ ತಾಯಿ. ಸಿದ್ದೇಶ ನನಗೆ ಹೊಸಬನಲ್ಲ. ನಾನು ಕಬಡ್ಡಿ ಕಲಿಸುವ ಶಾಲೆಯಲ್ಲೇ ಅವನು ಗಣಿತದ ಮೇಷ್ಟ್ರು. ಸಂಜೆ ಆಟ ಮುಗಿದ ಮೇಲೆ ಮೈದಾನದ ಕಟ್ಟೆಯಲ್ಲಿ ನನ್ನ ಪಕ್ಕ ಬಂದು ಕೂರುತ್ತಿದ್ದ. ಮುಖ ತೊಳೆದು ಬರುತ್ತೇನೆಂದು ಎದ್ದರೆ, "ಬೇಡ ಕಣೇ, ಈ ವಾಸ್ನೇನೇ ನಂಗಿಷ್ಟ," ಎನ್ನುತ್ತಿದ್ದ. ನಾನು ಪಂದ್ಯಕ್ಕೆ ಹುಡುಗಿಯರನ್ನು ಹಾಸನಕ್ಕೆ ಕರೆದೊಯ್ಯುವ ಹಿಂದಿನ ದಿನ, ಬೆವರೊರೆಸಿಕೊಳ್ಳುವ ನನ್ನ ಟವೆಲ್ಲನ್ನೇ ಕೇಳಿ ಇಸಿದುಕೊಂಡಿದ್ದ. ಬೀರುವಿನಲ್ಲಿಟ್ಟಿದ್ದೇನೆ, ಒಗೆಯಲು ಬಿಟ್ಟಿಲ್ಲ ಎಂದು ಫೋನಿನಲ್ಲಿ ಹೇಳಿದ್ದ. ನನಗೆ ನಾಚಿಕೆಯಾಯಿತು, ಖುಷಿಯೂ ಆಯಿತು. ಮದುವೆಯಾದರೆ ಇವನನ್ನೇ ಎಂದುಕೊಂಡೆ.

ಭಾನುವಾರ ಅವರು ನಜರ್‌ಬಾದಿನಿಂದ ನಮ್ಮ ಹಿನಕಲ್ ಮನೆಗೆ ಬಂದರು. ಸ್ನಾನ ಮಾಡಿ ರೇಷ್ಮೆ ಸೀರೆಯುಟ್ಟು ಕೂತಿದ್ದೆ. ಕರೆಂಟು ಹೋಗಿ ಫ್ಯಾನು ನಿಂತಿತ್ತು. ಪ್ರೇಮಲೀಲಾ ಮಲ್ಲಿಗೆ ಮುಡಿಸಲು ಬಗ್ಗಿ, ನನ್ನ ಕತ್ತಿನ ಹತ್ತಿರ ಮೂಗು ತಂದು ಉಸಿರೆಳೆದುಕೊಂಡರು. ಸಾಲದೆಂದು ಇನ್ನೊಮ್ಮೆ.

"ಹುಡುಗೀಗೆ ಬೆವ್ರು ವಾಸ್ನೆ ಕಣ್ರೀ," ಎಂದರು ನನ್ನ ಅವ್ವನಿಗೆ. "ನನ್ ಮಗ ಎಂಗೆ ಬಾಳಾನು? ಸೆಂಟು ಗಿಂಟು ಹಾಕೋದ್ ಕಲಿಸ್ಬುಡಿ."

ಯಾರಿಗೂ ಬಗ್ಗದ ನನ್ನವ್ವ ಶಿವನಂಜಮ್ಮ ತಲೆ ತಗ್ಗಿಸಿದಳು. ಸಿದ್ದೇಶನಿಂದ ಒಂದು ಮಾತು ಬಂದಿದ್ದರೆ ಸಾಕಿತ್ತು. ಅವನು ಕೋಡುಬಳೆ ಮುರಿಯುತ್ತಿದ್ದ.

"ಸಿದ್ದೇಶ್, ನಿಮ್ಮಮ್ಮಂಗೆ ಹೇಳು, ನಿಂಗೆ ಈ ವಾಸ್ನೆ ಹೆಂಗೆ ಅಂತ," ಎಂದೆ.

"ಅಮ್ಮ ಹೇಳೋದ್ರಲ್ಲಿ ತಪ್ಪೇನಿದೆ ಬಿಡು? ಸೆಂಟ್ ಹಾಕ್ಕೊಂಡ್ರೆ ಆಯ್ತು," ಎಂದ ತಟ್ಟೆ ನೋಡುತ್ತ.

ಕದ್ದು ಮೂಸುವುದಕ್ಕೆ ಇದ್ದ ಮೂಗು ಇವನಿಗೆ ಅಮ್ಮನ ಎದುರಿಗೆ ಇರಲಿಲ್ಲ! ಮೂಸಿದವರ ಮೇಲಿನ ಸಿಟ್ಟೆಲ್ಲ ಅವನತ್ತ ತಿರುಗಿತು. ಮಲ್ಲಿಗೆಯನ್ನು ಮುಡಿಯಿಂದ ಕಿತ್ತು ಅವರು ತಂದ ಹೂವಿನ ತಟ್ಟೆಯಲ್ಲೇ ಇಟ್ಟೆ.

"ಆಂಟಿ, ಇದನ್ನ ತಗೊಂಡೋಗಿ. ನಿಮ್ ಮಗನ ಬೀರೂಲಿ ನನ್ ಟವೆಲ್ ಇದೆ. ನನ್ ವಾಸ್ನೆ ಬೇಕೂಂತ ಇಸ್ಕೊಂಡೋಗಿದ್ದ. ವಾಪಸ್ ಕಳ್ಸಿ."

ಪ್ರೇಮಲೀಲಾ ಬಾಯಿ ಬಿಟ್ಟು ಮಗನ ಮುಖ ನೋಡಿದರು. ಅವನು ಅವರ ಕಣ್ಣು ತಪ್ಪಿಸಿ ಕೋಡುಬಳೆಯ ಚೂರುಗಳನ್ನು ತಟ್ಟೆಯಲ್ಲಿ ಜೋಡಿಸತೊಡಗಿದ. ಪ್ರೇಮಲೀಲಾ, "ಒಗ್ದು ಕಳಿಸ್ತೀವಿ," ಎಂದರು.

ಅವ್ವ ತಲೆಯೆತ್ತಿದಳು.

"ಒಗೀಬ್ಯಾಡಿ," ಎಂದಳು. "ಅದು ನನ್ ಮಗಳು ದುಡ್ದಿರೋ ಬೆವ್ರು."