ದುಗ್ಗಪ್ಪನಿದ್ದ ದಿನ ಸೋಲುವ ಕಾಲು

ದುಗ್ಗಪ್ಪ ಮನೆಯಲ್ಲಿದ್ದ ದಿನವೇ ಅವನ ಹೆಂಡತಿ ಶೀಲಾವತಿಯ ಕಾಲು ಸೋಲುತ್ತಿತ್ತು. ಅವನು ಸುಬ್ರಹ್ಮಣ್ಯದ ಯಾತ್ರಿಕರನ್ನು ಜೀಪಿನಲ್ಲಿ ಹಾಕಿಕೊಂಡು ತಿರುಗುವ ದಿನಗಳಲ್ಲಿ ಅವಳು ಗುಡ್ಡೆ ಹತ್ತಿ ಶಾಲೆಗೆ ಹೋಗಿ ಮಕ್ಕಳಿಗೆ ಬಿಸಿಯೂಟ ಬೇಯಿಸಿ ಬರುತ್ತಿದ್ದಳು. ಅವನಿದ್ದರೆ ಅರ್ಧ ಗುಡ್ಡೆಗೇ ಕೂತುಬಿಡುವಳು. ಇದರ ತಲೆಬುಡ ಅವನಿಗೆ ತಿಳಿಯಲಿಲ್ಲ.

ಕಾಯಿಲೆಗೆ ಹೆಸರೇನೋ ಸಿಕ್ಕಿತ್ತು. ಮಲ್ಟಿಪಲ್ ಸ್ಕ್ಲೆರೋಸಿಸ್, ನರದ ಮೇಲಿನ ಹೊದಿಕೆ ಹಾಳಾಗುವುದು ಎಂದು ಮಂಗಳೂರಿನ ಡಾಕ್ಟರು ಹೇಳಿದ್ದರು. ಗಂಡನನ್ನು ಕಂಡರೆ ಸೋಲುವ ನರ ಯಾವುದೆಂದು ಮಾತ್ರ ಹೇಳಿರಲಿಲ್ಲ.

ಈಗ ಹೆಡ್ಮಾಷ್ಟ್ರು ಕೃಷ್ಣಮೋಹನ ಹೇಳಿ ಕಳಿಸಿದ್ದರು: ಹೀಗೆ ಒಂದು ದಿನ ಬಂದು ಒಂದು ದಿನ ಬಾರದಿದ್ದರೆ ಬೇರೆಯವರನ್ನು ನೋಡಬೇಕಾಗುತ್ತದೆ. ಶಾಲೆಯ ಆ ಅಡುಗೆಮನೆ ಬಿಟ್ಟರೆ ಶೀಲಾವತಿ ಹಾಸಿಗೆ ಹಿಡಿಯುತ್ತಾಳೆಂದು ದುಗ್ಗಪ್ಪನಿಗೆ ಗೊತ್ತಿತ್ತು. ಅದಕ್ಕೇ ಮನೆಯಲ್ಲಿದ್ದ ದಿನ ಅವನೇ ಬಚ್ಚಲಿನ ಹಂಡೆಗೆ ಬೆಂಕಿ ಹಾಕಿ, ಅವಳ ಕಾಲಿಗೆ ಎಣ್ಣೆ ತಿಕ್ಕಿ, ಹಬೆಯಾಡುವ ನೀರು ಹೊಯ್ಯುತ್ತಿದ್ದ. ಬಾಣಂತಿಯರಿಗೆ ಅವನ ಅಮ್ಮ ಹೊಯ್ದ ಹಾಗೆ. ಸೋತ ಮೈಗೆ ಬಿಸಿನೀರಿಗಿಂತ ದೊಡ್ಡ ಮದ್ದು ಯಾವುದು?

ಅವತ್ತೂ ಮೀಯಿಸಿ, ಶಾಲೆಗೆ ಹೊರಟವಳ ಹಿಂದೆಯೇ ಹೊರಟ. ಅರ್ಧ ದಾರಿಯಲ್ಲಿ ಅವಳು ಕೂತಳು.

"ನಾನಿರುವಾಗ ಮಾತ್ರ ನಿನ್ನ ಕಾಲಿಗೆ ಎಂತ ಆಗುದು?"

"ನನಗೆ ಗೊತ್ತುಂಟಾ? ಕಾಲು ನನ್ನದಲ್ಲದ ಹಾಗೆ ಆಗ್ತದೆ."

"ನಿನ್ನೆ ಹೋದ್ದು ಯಾರ ಕಾಲಲ್ಲಿ?"

ಹುಲ್ಲಿನ ಕಟ್ಟು ಹೊತ್ತು ಇಳಿಯುತ್ತಿದ್ದ ನೆರೆಮನೆಯ ಸಫಿಯಮ್ಮ ನಿಂತರು. "ದುಗ್ಗಪ್ಪಣ್ಣ, ಬೊಬ್ಬೆ ಹೊಡೆದ್ರೆ ಕಾಲು ಬರುದಾದ್ರೆ ನಮ್ಮ ಊರಲ್ಲಿ ಕುಂಟರೇ ಇರ್ತಿರ್ಲಿಲ್ಲ ಮಾರಾಯ್ರೆ. ಡಾಕ್ಟ್ರಿಗೆ ತೋರಿಸಿ."

ಸಿಟ್ಟಿನಲ್ಲೇ ಅವಳನ್ನು ಜೀಪು ಹತ್ತಿಸಿ ಪುತ್ತೂರಿಗೆ ಹೋದ. ಫಿಸಿಯೋಥೆರಪಿಯ ಪ್ರಣೀತಾ ಫ್ಯಾನಿನಡಿ ಕೂರಿಸಿ, ತುಸು ಹೊತ್ತಾದ ಮೇಲೆ ಶೀಲಾವತಿಯನ್ನು ನಡೆಸಿ ನೋಡಿದಳು. ಶೀಲಾವತಿ ನಡೆದಳು!

"ನೋಡಿ ಮೇಡಂ! ಇಲ್ಲಿ ಆಗ್ತದೆ, ಅಲ್ಲಿ ಆಗುದಿಲ್ಲ. ನಾಟಕ ಅಲ್ವಾ ಇದು?"

"ನೀವು ಜೀಪು ಓಡಿಸುದಲ್ವಾ? ಸಂಪಾಜೆ ಘಾಟಿಯನ್ನು ಫಸ್ಟ್ ಗೇರಿನಲ್ಲೇ ಹತ್ತಿಸಿದ್ರೆ ಎಷ್ಟು ಡೀಸೆಲ್ ಕುಡಿತದೆ? ಇವರಿಗೆ ಸಪಾಟು ದಾರಿಯೂ ಹಾಗೆ. ನಮಗಿಂತ ಜಾಸ್ತಿ ಶಕ್ತಿ ಬೇಕು. ಮೈ ಬಿಸಿಯಾದ್ರೆ ಇನ್ನೂ ಕಷ್ಟ. ಬೆಳಿಗ್ಗೆ ಎಂತ ಮಾಡಿದ್ರಿ ಅಕ್ಕಾ?"

"ಇವರು ಬಿಸಿನೀರಲ್ಲಿ ಮೀಯಿಸಿದ್ರು."

"ಇವರಿಲ್ಲದ ದಿನ?"

"ಬೆಂಕಿ ಹಾಕ್ಲಿಕ್ಕೆ ಉದಾಸೀನ. ತಣ್ಣೀರು."

"ಪೆಟ್ಟು ತಿಂದ ನರ ಬಿಸಿಗೆ ಕೆಲಸ ಮಾಡುದಿಲ್ಲ. ಬಿಸಿ ನೀರು ಬೇಡ ಅಣ್ಣಾ."

ಇನ್ನು ದುಗ್ಗಪ್ಪ ಯಾರಿಗೆ ಬೈಯುವುದು? ನೀರಿಗೇ? ತೀರಿಹೋದ ಅಮ್ಮನಿಗೇ?

ವಾಪಸು ಬರುವಾಗ ಕೇಳಿದ, "ಬಿಸಿನೀರು ನಿನಗೆ ಆಗುದಿಲ್ಲ ಅಂತ ಮೊದಲೇ ಹೇಳುದಲ್ವಾ?"

"ಅದರಿಂದ ಅಂತ ನನಗೆಲ್ಲಿ ಗೊತ್ತು. ಮತ್ತೆ, ನೀವು ಸಿಟ್ಟು ಮಾಡದೆ ನನ್ನ ಹತ್ರ ಕೂರುದು ಮೀಯಿಸುವ ಆ ಹೊತ್ತಿಗೆ ಮಾತ್ರ."

ಅವನು ಗೇರು ಬದಲಿಸುವುದನ್ನೇ ಮರೆತ.

ಮರುದಿನ ತಣ್ಣೀರು ಮಿಂದು ಅವಳು ನಿಲ್ಲದೆ ಗುಡ್ಡೆ ಹತ್ತಿದಳು. ಗೆದ್ದೆ ಎಂದುಕೊಂಡ ದುಗ್ಗಪ್ಪ. ಅದರ ಮರುದಿನವೂ ತಣ್ಣೀರೇ. ಆದರೂ ಅರ್ಧ ದಾರಿಯಲ್ಲಿ ಕೂತಳು.

"ಇವತ್ತು ಬೆಂಕಿಯೇ ಹಾಕ್ಲಿಲ್ಲ ಅಲ್ವಾ!"

"ಇಲ್ಲ."

"ಮತ್ತೆಂತಕ್ಕೆ?"

"ಗೊತ್ತಿಲ್ಲ ಅಂದೆನಲ್ಲಾ! ಸ್ವಲ್ಪ ಕೂತು ಬರ್ತೇನೆ. ನೀವು ಕಣ್ಣೆದುರು ನಿಲ್ಬೇಡಿ."

ಅವನು ಒಬ್ಬನೇ ಗುಡ್ಡೆ ಹತ್ತಿದ. ಹೆಡ್ಮಾಷ್ಟ್ರು ಅಡುಗೆಮನೆಯ ಬಾಗಿಲಲ್ಲಿ ಗಡಿಯಾರ ನೋಡುತ್ತ ನಿಂತಿದ್ದರು.

"ಅವಳು ಬರ್ತಾಳೆ ಮಾಷ್ಟ್ರೆ. ಯಾವಾಗ ಅಂತ ನನ್ನಲ್ಲಿ ಕೇಳ್ಬೇಡಿ, ನನಗೂ ಅರ್ಥ ಆಗ್ಲಿಲ್ಲ."

"ಅಲ್ಲಿವರೆಗೆ ಅಕ್ಕಿ ತೊಳೆಯುದು ಯಾರು?"

ದುಗ್ಗಪ್ಪ ಲುಂಗಿ ಎತ್ತಿ ಕಟ್ಟಿದ.

"ಪಾತ್ರೆ ಎಲ್ಲುಂಟು?"