ಅಕ್ಕನ ಬಾಯಿ ಮುಚ್ಚಿಸಿದ ಸ್ಕ್ರಿಪ್ಟ್

ಅಕ್ಕನ ಆಫೀಸಿನಲ್ಲಿ ಎರಡೇ ಕೋಣೆ. ಒಂದರಲ್ಲಿ ಅಕ್ಕ ಕೂರುತ್ತಿದ್ದಳು, ಇನ್ನೊಂದರಲ್ಲಿ ಅಕ್ಕನ ದನಿ ಕೂರುತ್ತಿತ್ತು. ತಂಗಿಯ ಮೇಜು ಇದ್ದದ್ದು ಆ ಎರಡನೆಯದರಲ್ಲಿ. ಯಾರು ಬಾಯಿ ಬಿಟ್ಟರೂ ಅವರ ಬೆನ್ನು ತಿರುಗುವುದರೊಳಗೆ ಅವರ ಹಾಗೆಯೇ ಮಾತಾಡಿ ತೋರಿಸುವ ಚಾಳಿ ಚಿಕ್ಕಂದಿನಿಂದ ಇದ್ದುದರಿಂದ, ಅವಳನ್ನು ಮನೆಯಲ್ಲೂ ಆಫೀಸಿನಲ್ಲೂ ಗಿಣಿ ಎಂದೇ ಕರೆಯುತ್ತಿದ್ದರು.

ಹೊಸದಾಗಿ ಕೆಲಸಕ್ಕೆ ಸೇರಿದವರ ಲ್ಯಾಪ್‌ಟಾಪಿನ ಹೊಟ್ಟೆಯೊಳಗೆ ಇನ್ನೊಂದು ಕಂಪ್ಯೂಟರನ್ನು ಕೂರಿಸಿಕೊಡುವುದು ಗಿಣಿಯ ಕೆಲಸ. ಕೈಗೆ ಸಿಗದ, ಆದರೆ ಒಳಗೊಳಗೇ ಓಡುವ ವರ್ಚುವಲ್ ಮೆಷಿನ್. ಅದರೊಳಗೆ ಏನು ಬೇಕಾದರೂ ಕೆಡಿಸಿಕೊಳ್ಳಲಿ, ಹೊರಗಿನ ಲ್ಯಾಪ್‌ಟಾಪಿಗೆ ಏಟು ಬೀಳಬಾರದು. ಅಕ್ಕನ ಪದ್ಧತಿಯ ಪ್ರಕಾರ ಇದನ್ನು ಕೈಯಾರೆ ಕಟ್ಟಬೇಕು. ಹೊಸಬರ ಪಕ್ಕ ಕುರ್ಚಿ ಎಳೆದುಕೊಂಡು, ಬೇಕಾದ ಸಾಮಾನನ್ನೆಲ್ಲ ಇಂಟರ್ನೆಟ್ಟಿನಿಂದ ಒಂದೊಂದಾಗಿ ಇಳಿಸಿಕೊಳ್ಳುತ್ತ, ಅದು ಇಳಿಯುವ ತನಕ ಇಬ್ಬರೂ ಸರದಿಯ ಮೇಲೆ ಆಕಳಿಸುತ್ತ. ಆಕಳಿಸಿ ದವಡೆ ನೊಂದ ಗಿಣಿ, ಒಂದೇ ಆಜ್ಞೆಗೆ ಎಲ್ಲವನ್ನೂ ತಾನೇ ಮಾಡಿಕೊಳ್ಳುವ ಸ್ಕ್ರಿಪ್ಟ್ ಬರೆದಳು.

"ನೋಡು," ಅಂದಳು ಅಕ್ಕ, "ಇದು ನಿಮ್ಮ ಭಾವನ ಕೈಯಲ್ಲಿ ಓಡಿದ್ರೆ ಯಾರ ಕೈಯಲ್ಲಾದ್ರೂ ಓಡುತ್ತೆ. ನೀನು ಕೀಬೋರ್ಡ್ ಮುಟ್ಟೋ ಹಾಗಿಲ್ಲ. ಓಡಿತಾ, ಇಟ್ಕೋ. ಇಲ್ಲಾಂದ್ರೆ ಬರೋ ವಾರ ಹೊಸಬರ ದಂಡೇ ಬರ್ತಾ ಇದೆ, ಅಷ್ಟೂ ಜನರ ಪಕ್ಕ ಕುರ್ಚಿ ಹಾಕ್ಕೊಂಡು ಕೂರು. ಆಮೇಲೆ ನನ್ನ ಬೈಬೇಡ."

ಗಿಣಿಗೆ ಚಿಂತೆ ಹತ್ತಿತು. ಸ್ಕ್ರಿಪ್ಟ್ ಓಡುತ್ತದೋ ಇಲ್ಲವೋ ಎಂದಲ್ಲ. ಬರೆಯುವಾಗ ಬೇಜಾರು ಕಳೆಯಲೆಂದು ಅದರ ಮಾತುಗಳನ್ನೆಲ್ಲ ಅವಳು ಅಕ್ಕನ ಥರವೇ ಬರೆದಿದ್ದಳು. ಇಂಟರ್ನೆಟ್ ನಿಧಾನವಾದರೆ, "ನೋಡು, ಬರ್ತಾ ಇದೆ. ಕುದುರೆ ಮೇಲೆ ಕೂತಿದ್ದೀಯಾ?" ಜಾಗ ಸಾಲದಿದ್ದರೆ, "ಬೇಡದ್ದೆಲ್ಲ ಗುಡ್ಡೆ ಹಾಕ್ಕೊಂಡು ನನ್ನ ಹತ್ರ ಜಾಗ ಕೇಳ್ತೀಯಾ?" ಇದನ್ನು ಅಕ್ಕ ಓದಿದರೆ ಸ್ಕ್ರಿಪ್ಟಿನ ಜೊತೆ ಗಿಣಿಯ ಗ್ರಹಚಾರವನ್ನೂ ಬಿಡಿಸುತ್ತಿದ್ದಳು. ಅಳಿಸಲು ಮನಸ್ಸು ಬರಲಿಲ್ಲ, ಅಷ್ಟು ಚೆನ್ನಾಗಿ ಬಂದಿದ್ದವು. ಅದಕ್ಕೆ ಉಪಾಯ ಮಾಡಿದಳು: ಆಜ್ಞೆಯ ಕೊನೆಗೆ "ತೆಪ್ಪಗೆ" ಎಂದು ಸೇರಿಸಿದರೆ ಸ್ಕ್ರಿಪ್ಟ್ ಏನನ್ನೂ ಬಾಯಿಬಿಡದೆ ಕೆಲಸ ಮುಗಿಸಿ, ಕಡೆಗೆ "ಸಿದ್ಧ" ಎಂದಷ್ಟೇ ಹೇಳಬೇಕು.

ಆಫೀಸಿನ ಲೆಕ್ಕಪತ್ರ ನೋಡಿಕೊಳ್ಳುವ ಭಾವ, ಇರುವೆ ಹಿಡಿಯುವವನ ಹಾಗೆ ತನ್ನ ಲ್ಯಾಪ್‌ಟಾಪಿನ ಮೇಲೆ ಒಂದೇ ಬೆರಳಿನಲ್ಲಿ ಆಜ್ಞೆ ಬರೆದು, ಗಿಣಿ ಹೇಳಿಕೊಟ್ಟಂತೆ ಕೊನೆಗೆ "ತೆಪ್ಪಗೆ" ಸೇರಿಸಿ, ಎಂಟರ್ ಒತ್ತಿದ. ಮೂವರೂ ಪರದೆ ನೋಡಿದರು. ಪರದೆ ಮೂವರನ್ನೂ ನೋಡಿತು. ಕಾಫಿ ಕುಡಿದಾಯಿತು, ಕಪ್ಪಿನ ತಳ ನೋಡಿದ್ದೂ ಆಯಿತು, "ಸಿದ್ಧ" ಮಾತ್ರ ಬರಲಿಲ್ಲ.

"ಸತ್ತುಹೋಯ್ತಾ?" ಭಾವ ಪಿಸುಗುಟ್ಟಿದ.

"ಭಾವ, ಸುಮ್ನಿರಿ. ಇಂಟರ್ನೆಟ್ ಇದೆಯಾ ನೋಡಿ."

ಇತ್ತು. ಡಿಸ್ಕಿನಲ್ಲಿ ಜಾಗ ಬೇಕಾದಷ್ಟಿತ್ತು. ನಿಲ್ಲಿಸಿ ಮತ್ತೆ ಓಡಿಸಿದರೆ ಮತ್ತದೇ ಮೌನವ್ರತ. ಗಿಣಿಯ ಲ್ಯಾಪ್‌ಟಾಪಿನಲ್ಲಿ ಹೂವೆತ್ತಿದ ಹಾಗೆ ಓಡಿದ್ದು ಇಲ್ಲಿ ಎಲ್ಲಿ ಮುಗ್ಗರಿಸಿತು ಎಂದು ಹೇಳಬೇಕಾದದ್ದು ಸ್ಕ್ರಿಪ್ಟೇ. ಅದರ ಬಾಯಿಗೆ ಬಟ್ಟೆ ತುರುಕಿದವಳು ತಾನೇ. "ತೆಪ್ಪಗೆ" ತೆಗೆದರೆ ಕಾಯಿಲೆ ಏನೆಂದು ಗೊತ್ತಾಗುತ್ತದೆ, ಜೊತೆಗೆ ಅಕ್ಕನಿಗೆ ಎಲ್ಲವೂ ಗೊತ್ತಾಗುತ್ತದೆ.

"ಅಕ್ಕ, ನಿಂಗೆ ಇನ್ನೊಂದು ಕಾಫಿ?"

"ಈಗ ತಾನೇ ಕುಡಿದೆ."

"ನಿನ್ನ ಕೋಣೇಲಿ ಫೋನ್ ಹೊಡ್ಕೊಂಡ ಹಾಗಾಯ್ತು."

"ಫೋನ್ ನನ್ನ ಕೈಯಲ್ಲೇ ಇದೆ." ಅಕ್ಕ ಗೋಡೆಯ ಪಕ್ಕದಲ್ಲಿದ್ದ ಕುರ್ಚಿಯನ್ನು ಭಾವನ ಪಕ್ಕಕ್ಕೆ ಎಳೆದು, ಅದನ್ನು ಗಿಣಿಯ ಕಡೆಗೆ ಒಂದಿಷ್ಟು ತಳ್ಳಿ ತೋರಿಸಿದಳು. "ನೋಡು, ಮೆತ್ತಗಿದೆ. ಬರೋ ವಾರಕ್ಕೆ ಅಭ್ಯಾಸ ಮಾಡ್ಕೋ."

ಆ ಕುರ್ಚಿ ನೋಡುತ್ತಿದ್ದಂತೆ ಗಿಣಿಯ ದವಡೆ ತಾನಾಗಿ ಆಕಳಿಕೆಗೆ ತೆರೆಯಿತು. ಅಕ್ಕನ ಬೈಗುಳ ಒಂದು ದಿನದ್ದು, ಕುರ್ಚಿ ಜನ್ಮದ್ದು. "ಭಾವ," ಎಂದಳು ಕಣ್ಣು ಮುಚ್ಚಿಕೊಂಡು, "ಆ ತೆಪ್ಪಗೆ ತೆಗೆದು ಒತ್ತಿ."

ಪರದೆಯ ಮೇಲೆ ಸಾಲು ಮೂಡಿತು. ಭಾವ ಗಟ್ಟಿಯಾಗಿ ಓದತೊಡಗಿದ: "ನೋಡು, ಇಲ್ಲಿ ಯಾರೋ ಅರ್ಧಂಬರ್ಧ ಕಟ್ಟಿ ಬಿಟ್ಟುಹೋದ ಮೆಷಿನ್ ಬಿದ್ದಿದೆ. ಯಾರದ್ದು ಈ ಘನಕಾರ್ಯ? ಅಳಿಸ್ಲಾ, ಬೇಡ್ವಾ? ನೆಟ್ಟಗೆ ಹೇಳು. ಆಮೇಲೆ ನನ್ನ ಬೈಬೇಡ."

ಓದುತ್ತ ಓದುತ್ತ ಭಾವನ ಬೆನ್ನು ನೆಟ್ಟಗಾಯಿತು, ಮುಖ ಇಷ್ಟೇ ಇಷ್ಟಾಯಿತು. "ನಂದೇ ಕಣೇ," ಎಂದ, ಲ್ಯಾಪ್‌ಟಾಪಿಗೆ. "ಮೊನ್ನೆ ಈ ಆಜ್ಞೇನ ಸುಮ್ನೆ ಒತ್ತಿ ನೋಡ್ದೆ. ಏನೇನೋ ಬರೋಕೆ ಶುರುವಾಯ್ತು. ಹೆದರಿಕೆ ಆಗಿ ಮುಚ್ಚಿಟ್ಟೆ. ಇನ್ನು ಮಾಡಲ್ಲ."

"ರೀ! ಯಾರ ಹತ್ರ ಮಾತಾಡ್ತಾ ಇದ್ದೀರಿ?"

ಗಿಣಿಗೆ ಈಗ ಹೊಳೆಯಿತು. ಕೇಳದೆ ಏನನ್ನೂ ಅಳಿಸಬಾರದು ಎನ್ನುವುದು ಈ ಆಫೀಸಿನ ಕಟ್ಟಳೆ, ಅದನ್ನು ಮಾಡಿದವಳು ಅಕ್ಕನೇ. ಪಾಪ ಸ್ಕ್ರಿಪ್ಟ್ ಅಪ್ಪಣೆ ಕೇಳಿಯೇ ನಿಂತಿತ್ತು. ಕೇಳಿದ್ದು ಯಾರಿಗೂ ಕಾಣಿಸಿರಲಿಲ್ಲ, ಅಷ್ಟೇ. ಗಿಣಿಯ ಲ್ಯಾಪ್‌ಟಾಪಿನಲ್ಲಿ ಭಾವನ ಘನಕಾರ್ಯ ಇರಲಿಲ್ಲವಾದ್ದರಿಂದ ಅಲ್ಲಿ ಆ ಪ್ರಶ್ನೆಯೇ ಎದ್ದಿರಲಿಲ್ಲ.

"ಅಳಿಸು ಅನ್ನಿ ಭಾವ."

ಭಾವ ವಿಧೇಯನಾಗಿ "ಅಳಿಸು" ಎಂದು ಬರೆದ. ಸಾಲುಗಳು ಸರಸರನೆ ಓಡಿದವು, ನಡುವೆ ಕುದುರೆಯ ಮಾತೂ ಒಮ್ಮೆ ಬಂದುಹೋಯಿತು, ಕೊನೆಗೆ "ಸಿದ್ಧ."

ಅಕ್ಕ ಪರದೆಗೆ ಮೂಗು ತಾಗುವಷ್ಟು ಬಾಗಿ ಎಲ್ಲವನ್ನೂ ಓದಿದಳು. ಗಿಣಿ ಮನಸ್ಸಿನಲ್ಲೇ ಬ್ಯಾಗು ಕಟ್ಟಿಕೊಂಡಳು. ಅಕ್ಕ ಬಿದ್ದು ಬಿದ್ದು ನಗತೊಡಗಿದಳು.

"ಅಯ್ಯೋ, ಥೇಟ್ ಅಮ್ಮ ಕಣೇ! ಕುದುರೆ ಮೇಲೆ ಕೂತಿದ್ದೀಯಾ ಅಂತೆ! ಇರು, ಅಮ್ಮಂಗೆ ಫೋಟೋ ಕಳಿಸ್ತೀನಿ."

"ಹೂಂ, ಅಮ್ಮನೇ," ಎಂದುಬಿಟ್ಟಳು ಗಿಣಿ. "ಆದ್ರೆ ಕಳಿಸೋದು ಯಾಕೆ ಬಿಡು, ಬೇಜಾರು ಮಾಡ್ಕೊಂಡಾರು."

ಅಷ್ಟರಲ್ಲಿ ಕಳಿಸಿಯಾಗಿತ್ತು. ಫೋನು ತಕ್ಷಣ ಹೊಡೆದುಕೊಂಡಿತು. ಅಕ್ಕ ಸ್ಪೀಕರಿಗೆ ಹಾಕಿದಳು.

"ನೀನು ಆಡಿದ ಮಾತನ್ನೇ ಫೋಟೋ ತೆಗೆದು ನಂಗ್ಯಾಕೆ ಕಳಿಸಿದ್ದೀಯೇ?" ಎಂದರು ಅಮ್ಮ. "ದಿನಾ ಫೋನಲ್ಲಿ ಕೇಳ್ತೀನಲ್ಲ, ಸಾಲದಾ?"

ಕೋಣೆಯಲ್ಲಿ "ತೆಪ್ಪಗೆ" ಮತ್ತೆ ಜಾರಿಗೆ ಬಂತು. ಭಾವ ಲ್ಯಾಪ್‌ಟಾಪನ್ನು ನಿಧಾನವಾಗಿ ಮಡಚಿ ಎದೆಗವಚಿಕೊಂಡ.

"ನೋಡು," ಎಂದಳು ಅಕ್ಕ ಗಿಣಿಯ ಕಡೆ ತಿರುಗಿ. "ಅಮ್ಮನಾ, ನಾನಾ? ನೆಟ್ಟಗೆ ಹೇಳು."

"ನೀನು," ಎಂದಳು ಗಿಣಿ.

ಅಕ್ಕ ಆ ಕುರ್ಚಿಯನ್ನು ಗೋಡೆಯ ಪಕ್ಕಕ್ಕೆ, ಅದರ ಹಳೆಯ ಜಾಗಕ್ಕೆ, ಎಳೆದಿಟ್ಟಳು. "ಸ್ಕ್ರಿಪ್ಟ್ ಇಟ್ಕೋ. ಆದ್ರೆ ಆ ತೆಪ್ಪಗೆ ಅನ್ನೋದನ್ನ ಕಿತ್ತು ಬಿಸಾಕು. ನನ್ನ ಬಾಯಿ ಮುಚ್ಚಿಸಿದ್ದಕ್ಕೇ ತಾನೇ ಕೆಲಸ ನಿಂತಿದ್ದು?"

ಬಾಗಿಲ ತನಕ ಹೋದವಳು ಹಿಂದಿರುಗಿ ನೋಡಿದಳು. "ಮತ್ತೆ ನಾನು 'ನೋಡು' ಅಂತ ಅಷ್ಟೊಂದು ಸಲ ಎಲ್ಲೇ ಹೇಳ್ತೀನಿ? ಕಮ್ಮಿ ಮಾಡು."

ಆ ಕಡೆ ಕೋಣೆಯ ಬಾಗಿಲು ಮುಚ್ಚಿತು. ಭಾವ ತನ್ನ ಲ್ಯಾಪ್‌ಟಾಪನ್ನು ಮೇಜಿನ ಮೇಲಿಟ್ಟು, ಗಿಣಿಯ ಕಿವಿಯ ಹತ್ತಿರ ಬಗ್ಗಿದ.

"ನನ್ನೊಬ್ಬನ ಮೆಷಿನ್ನಿಗಾದ್ರೂ ಬೇರೆ ಯಾರದಾದ್ರೂ ದನಿ ಹಾಕಿಕೊಡ್ತೀಯೇನಮ್ಮಾ?"