ಟ್ರೇಲರಿನ ಮೇಲೆ ಕುಳಿತವನು

ಗಂಗಾವತಿಯಲ್ಲಿ ಬಾಡಿಗೆ ಜೀಪು ಓಡಿಸುತ್ತಿದ್ದ ಹೊಳಿಯಪ್ಪನಿಗೆ ದೆವ್ವ ಭೂತಗಳ ಅಂಜಿಕೆಯೇನೂ ಇರಲಿಲ್ಲ. ಹೆಣಗಳನ್ನು ಹಾಕಿಕೊಂಡು ಯಲಬುರ್ಗಿ ಕಡೆಯ ಹಳ್ಳಿಗಳಿಗೆ ಒಬ್ಬನೇ ಹೋಗಿ ಬಂದವನು ಅವನು. "ಸತ್ತವರಂಥಾ ಪ್ಯಾಸೆಂಜರ್ ಇಲ್ಲ ನೋಡ್ರಿ. ಬಾಯಿ ಮಾಡಾಂಗಿಲ್ಲ, ಬೀಡಿ ಸೇದಾಂಗಿಲ್ಲ" ಎಂದು ಸ್ಟ್ಯಾಂಡಿನಲ್ಲಿ ಕುಳಿತು ಎಲ್ಲರನ್ನೂ ನಗಿಸುತ್ತಿದ್ದ. ಅವನು ಹೆದರಿದ್ದು ಒಂದೇ ಸಲ. ಅದೂ ಹಾಡಹಗಲಲ್ಲಿ, ಬದುಕಿರುವ ಮನುಷ್ಯನೊಬ್ಬನ ಸಲುವಾಗಿ.

ಎಂಬತ್ನಾಲ್ಕನೇ ಇಸವಿ, ಶಿವರಾತ್ರಿ ಕಳೆದು ಬಿಸಿಲು ಏರತೊಡಗಿದ ದಿನಗಳು. ಬಸ್ ಸ್ಟ್ಯಾಂಡಿನ ಹಿಂದೆ ಗ್ಯಾರೇಜು ಇಟ್ಟಿದ್ದ ಮಕ್ಬುಲಸಾಬ ಬಂದು, "ಹೊಳಿಯಪ್ಪಣ್ಣ, ರವಿವಾರ ಜೀಪಿಗೆ ಟ್ರೇಲರ್ ಕಟ್ಟು. ನನ್ನ ಎರಡೂ ಗಾಡಿ ಇಮಾನದ ಬಯಲಿಗೆ ಒಯ್ಯೂದೈತಿ" ಅಂದ.

"ಮೋಟರ್ ಸೈಕಲ್ಲಿಗೆ ಗಾಲಿ ಇಲ್ಲೇನೋ? ಹತ್ತಿ ಕುಂತು ಹೋಗಾಕ ಬರಾಂಗಿಲ್ಲ?"

"ಅವಕ್ಕ ಲೈಟಿಲ್ಲ, ಹಾರ್ನಿಲ್ಲ, ನಂಬರಿಲ್ಲ. ಹಗುರ ಆಗ್ಲಿ ಅಂತ ಎಲ್ಲಾ ಬಿಚ್ಚಿ ಒಗದೀನಿ. ರೋಡಿಗೆ ಇಳಿಸಿದ್ರ ಪೊಲೀಸರು ಹಿಡೀತಾರ."

ಕುಷ್ಟಗಿ ದಾಟಿ ಒಂದಿಷ್ಟು ಹೋದರೆ ಎರೆಹೊಲಗಳ ನಡುವೆ ಉದ್ದಾನುದ್ದ ಸಿಮೆಂಟಿನ ಪಟ್ಟಿ. ಮಹಾಯುದ್ಧದ ಕಾಲದಲ್ಲಿ ವಿಮಾನ ಇಳಿಸಲೆಂದು ಮಾಡಿ, ಆಮೇಲೆ ಹಾಗೇ ಬಿಟ್ಟದ್ದು. ಸುತ್ತಲಿನ ರೈತರು ಅದರ ಮೇಲೆ ಜೋಳದ ತೆನೆ ಒಣಗಿಸುತ್ತಿದ್ದರು. ಬಳ್ಳಾರಿ, ಹುಬ್ಬಳ್ಳಿ ಕಡೆಯ ಕೆಲವು ಹುಮ್ಮಸ್ಸಿನವರು ಪರವಾನಗಿ ತಂದು ಒಂದು ದಿನದ ಮಟ್ಟಿಗೆ ಅದನ್ನು ಖಾಲಿ ಮಾಡಿಸಿದ್ದರು. ಪಂದ್ಯವಿಲ್ಲ, ಬಹುಮಾನವಿಲ್ಲ. ತಮ್ಮ ತಮ್ಮ ಗಾಡಿ ತಂದು, ಹೊತ್ತು ಮುಳುಗುವ ತನಕ ಮನಸೋ ಇಚ್ಛೆ ಓಡಿಸಬಹುದು, ಅಷ್ಟೇ. ಇಪ್ಪತ್ತಾರರ ಮಕ್ಬುಲನಿಗೆ ಈ ಸುದ್ದಿ ತಿಳಿದಂದಿನಿಂದ ನಿದ್ದೆ ಹತ್ತಿರಲಿಲ್ಲ. ಅವನಲ್ಲಿ ಒಂದು ಕೆಂಪು ಜಾವಾ ಇತ್ತು, ಒಂದು ಕಪ್ಪು ರಾಜದೂತ್ ಇತ್ತು. ಜಾವಾ ಅಂದರೆ ಅವನ ಜೀವ.

ರವಿವಾರ ಬೆಳಗ್ಗೆ ಅವನ ಮನೆಯ ಮುಂದೆ ಎರಡೂ ಗಾಡಿಗಳನ್ನು ಟ್ರೇಲರಿಗೆ ಹತ್ತಿಸಿ ಹಗ್ಗ ಬಿಗಿದರು. ಮಕ್ಬುಲ ಕೈ ತೊಳೆಯಲು ಹಿತ್ತಲಿಗೆ ಹೋದ. ಅವನ ತಾಯಿ ಕಾಸೀಮಬೀ ರೊಟ್ಟಿಯ ಗಂಟು ಹಿಡಿದು ಹೊಸ್ತಿಲಿಗೆ ಬಂದವಳು ಟ್ರೇಲರಿನ ಕಡೆ ಮುಖ ಎತ್ತಿ, "ಅಷ್ಟು ಮ್ಯಾಲೆ ಯಾಕ ಏರಿ ಕುಂತಿಯೋ? ಇಳಿ ಕೆಳಗ, ಬುತ್ತಿ ತಗೋ" ಎಂದಳು.

"ಅವಾ ಹಿತ್ತಲದಾಗ ಅದಾನಬೇ ಅಕ್ಕಾ" ಎಂದ ಹೊಳಿಯಪ್ಪ.

ಆಕೆ ಕಣ್ಣು ಕಿರಿದು ಮಾಡಿ ಮತ್ತೊಮ್ಮೆ ನೋಡಿದಳು. ಅಷ್ಟರಲ್ಲಿ ಮಗ ಬೆನ್ನ ಹಿಂದಿನಿಂದ ಬಂದು ಗಂಟಿಗೆ ಕೈ ಹಾಕಿದಾಗ ಬೆಚ್ಚಿಬಿದ್ದಳು. ವಯಸ್ಸಾದವಳು, ಕಣ್ಣಿಗೆ ಪೊರೆ ಬಂದಿದೆ ಎಂದುಕೊಂಡು ಹೊಳಿಯಪ್ಪ ಗೇರು ಹಾಕಿದ.

ಕಾಲುವೆಯ ಹಸಿರು ಮುಗಿದು ಬಂಡೆಗಲ್ಲಿನ ಗುಡ್ಡಗಳು ಶುರುವಾದವು. ಕನಕಗಿರಿಯಲ್ಲಿ ರಸ್ತೆ ಬದಿ ನಿಲ್ಲಿಸಿ, ಜೀಪಿನಲ್ಲೇ ಕುಳಿತು ಚಹಾ ಹೇಳಿದರು. ಹೋಟೆಲಿನವನು ಮೂರು ಕಪ್ಪು ತಂದ.

"ಇಬ್ಬರs ಅದೀವಿ" ಎಂದ ಮಕ್ಬುಲ.

"ಹಿಂದ ಗಾಡಿ ಮ್ಯಾಲೆ ಕುಂತಾವಗ ಬ್ಯಾಡೇನ್ರಿ?"

ಇಬ್ಬರೂ ತಿರುಗಿ ನೋಡಿದರು. ಹಗ್ಗ ಬಿಗಿದ ಎರಡು ಗಾಡಿ, ಅವುಗಳ ಆಚೆ ಖಾಲಿ ರಸ್ತೆ. ಹೋಟೆಲಿನವನೂ ಬಗ್ಗಿ ನೋಡಿ, "ಈಗ ಇದ್ನಲ್ರಿ... ಇಳದು ಎಲ್ಲ್ಯೋ ಹೋಗ್ಯಾನ" ಎಂದು ಮೂರನೇ ಕಪ್ಪನ್ನು ಬಾನೆಟ್ಟಿನ ಮೇಲಿಟ್ಟು ಹೋದ. ಮಕ್ಬುಲ ನಕ್ಕು ಆ ಚಹಾವನ್ನೂ ತಾನೇ ಕುಡಿದ.

ತಾವರಗೇರಿ ಸಮೀಪಿಸುವಾಗ ಒಂದು ಹಳ್ಳದ ಏರಿನಲ್ಲಿ ಜೀಪು ನಡೆಯುವ ವೇಗಕ್ಕೆ ಇಳಿಯಿತು. ಹುಲ್ಲಿನ ಹೊರೆ ಹೊತ್ತು ಎದುರು ಬಂದ ಹೆಂಗಸೊಬ್ಬಳು ಟ್ರೇಲರ್ ತನ್ನ ಪಕ್ಕಕ್ಕೆ ಬರುತ್ತಲೇ ನಿಂತು ಕೂಗಿದಳು. ಹೊಳಿಯಪ್ಪ ಬ್ರೇಕ್ ಒತ್ತಿದ.

"ನಿಮಗ ಬುದ್ಧಿ ಐತೇನ್ರೋ? ಇಂಥಾ ಬಿಸಿಲಾಗ ಅವನ್ನ ಮ್ಯಾಲೆ ಕುಂಡ್ರಿಸೀರಿ. ಕಣ್ಣು ಮುಚ್ಚ್ಯಾನ, ತೂಕಡಿಸಿ ಬಿದ್ದಗಿದ್ದಾನು!"

"ಯಾರಬೇ? ಎಂಥಾವ ಅದಾನ?" ಎಂದ ಹೊಳಿಯಪ್ಪ.

"ಹಸರಂಗಿ ಹಾಕ್ಯಾನಲ್ಲ, ಅವಾ. ಇವನ ತಮ್ಮ ಇರಬೇಕು, ಥೇಟ್ ಇವನಂಗs ಅದಾನ." ಮಕ್ಬುಲನ ಕಡೆ ಗದ್ದ ತೋರಿಸಿ ಆಕೆ ಹೊರೆ ಸರಿಪಡಿಸಿಕೊಂಡು ಹೋಗಿಯೇಬಿಟ್ಟಳು.

ಮಕ್ಬುಲ ತೊಟ್ಟಿದ್ದು ಹಸಿರಂಗಿ. ಅವನಿಗೆ ತಮ್ಮನೂ ಇರಲಿಲ್ಲ, ಅಣ್ಣನೂ ಇರಲಿಲ್ಲ.

ಏರು ಮುಗಿದ ಕೂಡಲೇ ಇಬ್ಬರೂ ಇಳಿದರು. ಧೂಳು ಹಾರಿ ಬಂದು ರಾಜದೂತಿನ ಟಾಕಿ, ಸೀಟು ಎಲ್ಲಾ ಕೆಮ್ಮಣ್ಣಿನ ಬಣ್ಣಕ್ಕೆ ತಿರುಗಿದ್ದವು. ಹೊಳಿಯಪ್ಪ ಅದರ ಸೀಟಿನ ಮೇಲೆ ಕೈ ಇಟ್ಟವನು ಕಾದ ಹಂಚು ಮುಟ್ಟಿದಂತಾಗಿ ಥಟ್ಟನೆ ತೆಗೆದ. ಜಾವಾದ ಟಾಕಿಯ ಮೇಲೂ ಅದೇ ಧೂಳು. ಆದರೆ ಸೀಟಿನ ಮೇಲೆ ಮಾತ್ರ, ಒಬ್ಬ ಮನುಷ್ಯ ಕುಳಿತರೆ ಎಷ್ಟು ಜಾಗ ಬೇಕೋ ಅಷ್ಟು, ಒರೆಸಿದಷ್ಟು ಸ್ವಚ್ಛ. ಅಲ್ಲಿ ಕೈ ಇಟ್ಟ. ನೆರಳಲ್ಲಿದ್ದ ಕಲ್ಲಿನ ಹಾಗೆ ತಣ್ಣಗಿತ್ತು.

"ಮಕ್ಬುಲ, ಇದು ಬ್ಯಾಡೋ. ಹೊಳ್ಳಿ ಹೋಗೂಣು."

ಮಕ್ಬುಲನ ಮುಖ ಸ್ವಲ್ಪ ಹೊತ್ತು ಬಿಳಿಚಿತ್ತು. ಆಮೇಲೆ ಅವನಿಗೆ ಹಟ ಬಂತು. "ಯಾರೋ ನಮ್ಮನ್ನ ಮಂಗ್ಯಾ ಮಾಡಾಕ ಹತ್ಯಾರ. ನಾನs ಹಿಂದ ಜಾವಾದ ಮ್ಯಾಲೆ ಕುಂತು ಬರ್ತೀನಿ. ಅವಾ ಎಲ್ಲಿ ಕುಂಡರ್ತಾನ ನೋಡೂಣು" ಎಂದು ಟ್ರೇಲರ್ ಹತ್ತಿ, ಹ್ಯಾಂಡಲ್ ಹಿಡಿದು ಕುಳಿತೇಬಿಟ್ಟ.

ಹೊಳಿಯಪ್ಪ ಒಬ್ಬನೇ ಮುಂದೆ ಕುಳಿತು ಜೀಪು ಬಿಟ್ಟ. ಕನ್ನಡಿಯಲ್ಲಿ ಮಕ್ಬುಲನ ಹಸಿರಂಗಿ ಗಾಳಿಗೆ ಉಬ್ಬುವುದು ಕಾಣುತ್ತಿತ್ತು. ಅದನ್ನು ನೋಡಿ ಅವನಿಗೆ ಧೈರ್ಯ ಬಂತು. ಆಗಾಗ ಕನ್ನಡಿ ನೋಡುತ್ತ, ಒಂದು ಹಾಡನ್ನೂ ಗುನುಗುತ್ತ ಕುಷ್ಟಗಿ ಮುಟ್ಟಿದ.

ಊರು ದಾಟಿ ಹೊರಬೀಳುವಲ್ಲಿ ಕಾಳುಕಡಿ ಸಾಗಿಸುವ ಗಾಡಿಗಳನ್ನು ತಡೆದು ನೋಡುವ ನಾಕಾ ಇತ್ತು. ಮರದ ಅಡ್ಡಗೋಲು ಕೆಳಗಿತ್ತು. ಖಾಕಿ ಚಡ್ಡಿಯ ಮುದುಕ ನಾಕಾದವನು ನಿಧಾನವಾಗಿ ಬಂದು ಜೀಪಿನ ಎಡಬದಿಗೆ ನಿಂತು, "ಟ್ರೇಲರಿನ್ಯಾಗ ಏನೈತ್ರಿ?" ಎಂದ.

"ಮೋಟರ್ ಸೈಕಲ್ ಅದಾವ್ರಿ" ಎಂದ ಹೊಳಿಯಪ್ಪ.

"ನಿನ್ನಲ್ಲಪಾ, ಇವರನ್ನ ಕೇಳಾಕ ಹತ್ತೀನಿ." ಮುದುಕ ಹೊಳಿಯಪ್ಪನ ಪಕ್ಕದ ಸೀಟಿನತ್ತ ಬಗ್ಗಿದ. "ಏನ್ರಿ ಸಾಹೇಬ್ರ, ಕೇಳಿದ್ದಕ್ಕ ಬಾಯಿ ಬಿಡಾಂಗಿಲ್ಲೇನು? ಬರೇ ನಗ್ತೀರಲ್ಲ?"

ಹೊಳಿಯಪ್ಪನ ಬೆನ್ನ ಮೇಲಿನ ಬೆವರು ಒಮ್ಮೆಲೇ ತಣ್ಣಗಾಯಿತು. ಕುತ್ತಿಗೆ ತಿರುಗಿಸಿ ನೋಡಬೇಕೆಂದರೆ ಕುತ್ತಿಗೆ ಮಾತು ಕೇಳಲಿಲ್ಲ. ಓರೆಗಣ್ಣಿಗೆ ಏನೂ ಕಾಣಲಿಲ್ಲ. ಆದರೆ ಎಡಬದಿಯಿಂದ ಬರುತ್ತಿದ್ದ ಬಿಸಿಗಾಳಿ, ನಡುವೆ ಯಾರೋ ಕುಳಿತು ತಡೆದಂತೆ, ಅವನ ಮೈಗೆ ತಾಗುತ್ತಿರಲಿಲ್ಲ.

ಮುದುಕ ಗೊಣಗುತ್ತ ಹಿಂದಕ್ಕೆ ಹೋಗಿ ಟ್ರೇಲರ್ ನೋಡಿದ. "ಓಹೋ, ಅವಳಿ-ಜವಳಿ ಅದೀರೇನು!" ಎಂದು ನಗುತ್ತ ಬಂದು ಅಡ್ಡಗೋಲು ಎತ್ತಿದ.

ಹೊಳಿಯಪ್ಪ ಆ ಸೀಟಿನ ಕಡೆ ನೋಡದೆಯೇ ಉಳಿದ ದಾರಿ ಕಳೆದ. ಬಯಲು ಮುಟ್ಟಿದ ಕೂಡಲೇ ಕೆಳಗೆ ಜಿಗಿದು, ಮಕ್ಬುಲನ ಕೈ ಹಿಡಿದುಕೊಂಡ. ನಾಕಾದ ಸಂಗತಿ ನಾಲಿಗೆಯ ತುದಿಗೆ ಬಂತು. ಬಾಯಿಬಿಟ್ಟು ಹೇಳಿದರೆ ಅದಕ್ಕೆ ಇನ್ನಷ್ಟು ಬಲ ಬಂದೀತೆಂದು ನುಂಗಿಕೊಂಡ.

"ನಿನ್ನ ಕಾಲಿಗೆ ಬೀಳ್ತೀನಿ, ಇವತ್ತು ಹತ್ತಬ್ಯಾಡ. ಮನಿಗೆ ಹೋಗೂಣು ನಡಿ."

"ಇಷ್ಟು ದೂರ ಬಂದು? ಅಂವ ಹಿಂದ ಇಲ್ಲ ಅನ್ನೂದು ನೋಡಿದಿ ಇಲ್ಲೋ? ನಾನs ಕುಂತಿದ್ದೆ" ಎಂದು ಮಕ್ಬುಲ ಕೈ ಬಿಡಿಸಿಕೊಂಡ.

ಪಟ್ಟಿಯ ಮೇಲೆ ಆಗಲೇ ಬೇರೆ ಊರಿನವರ ಗಾಡಿಗಳು ಗುಡುಗುತ್ತಿದ್ದವು. ಊದಾ, ಹಳದಿ, ಕಪ್ಪು. ಮಕ್ಬುಲನ ಜಾವಾ ಹೋಗಿ ಕೂಡಿಕೊಂಡಿತು. ಆ ತುದಿಯ ತನಕ ಹೋಗಿ, ತಿರುಗಿ ಬಂದು, ಮತ್ತೆ ಹೋದ. ದಾಟುವಾಗ ಹೊಳಿಯಪ್ಪನ ಕಡೆ ಹಲ್ಲು ಕಿರಿದ. ಜೋರಿತ್ತು, ಚೆಂದವೂ ಇತ್ತು. ಜೀಪಿನ ನೆರಳಲ್ಲಿ ನಿಂತ ಹೊಳಿಯಪ್ಪನಿಗೆ ತಾನು ಸುಮ್ಮನೆ ಹೆದರಿದೆನೇನೋ ಅನ್ನಿಸಿತು.

ನಡುಮಧ್ಯಾಹ್ನವಾಯಿತು. ಸಿಮೆಂಟಿನ ಮೇಲೆ ಬಿಸಿಲ್ಗುದುರೆ ಎದ್ದು, ದೂರದ ತುದಿ ಕೆರೆಯ ನೀರಿನಂತೆ ಅಲುಗತೊಡಗಿತು. ಆ ನೀರಿನೊಳಗಿಂದ ಜಾವಾ ತೇಲಿ ಬಂತು. ಅದರ ಹಿಂದೆಯೇ ಇನ್ನೊಂದು ಕೆಂಪು ಗಾಡಿ ಬಂತು. ಅದರ ಮೇಲೂ ಹಸಿರಂಗಿ.

ಹೊಳಿಯಪ್ಪ ಕಣ್ಣುಜ್ಜಿಕೊಂಡು, ಬಾವುಟ ಹಿಡಿದು ನಿಂತಿದ್ದವನನ್ನು ಕೇಳಿದ. "ಕೆಂಪು ಗಾಡಿ ಎಷ್ಟದಾವ್ರಿ ಇಲ್ಲಿ?"

"ನಿಮ್ಮದೊಂದs."

ಹತ್ತಿರ ಬಂದಾಗ ನೋಡಿದರೆ ಮಕ್ಬುಲ ಒಬ್ಬನೇ. ದಾಟಿ ಹೋಗಿ ಆ ನೀರಿನೊಳಗೆ ಹೊಕ್ಕಾಗ ಮತ್ತೆ ಇಬ್ಬರು. ತಿರುಗಿ ಬರುವಾಗ ಹಿಂದಿನವನು ಸಮೀಪಿಸಿದ್ದ. ಮುಂದಿನ ಸುತ್ತಿಗೆ ಇನ್ನೂ ಸಮೀಪಿಸಿದ್ದ. ಇಬ್ಬರ ನಡುವೆ ಒಂದು ಗೇಣು ಬಯಲೂ ಕಾಣುತ್ತಿರಲಿಲ್ಲ. ಎರಡು ಒಂದಾದರೆ ಉಳಿಯುವುದು ಯಾವುದು?

ಆಮೇಲೆ ಹೊಳಿಯಪ್ಪ ಯೋಚಿಸಲಿಲ್ಲ. ಜೀಪು ಹತ್ತಿ, ಟ್ರೇಲರನ್ನೂ ಎಳೆದುಕೊಂಡು, ಪಟ್ಟಿಯ ನಟ್ಟನಡುವೆ ಅಡ್ಡ ನಿಲ್ಲಿಸಿದ. ಜನ ಬಾಯಿ ಬಾಯಿ ಬಡಿದುಕೊಂಡು ಓಡಿಬಂದರು. ಜಾವಾ ಬಿಸಿಲ್ಗುದುರೆಯಿಂದ ಹೊರಬಂತು, ಬ್ರೇಕು ಕಿರುಚಿತು, ಗಾಡಿ ಅಡ್ಡಬಿದ್ದು ಸಿಮೆಂಟು ಉಜ್ಜುತ್ತ ಬಂದು ಟ್ರೇಲರಿಗೆ ಬಡಿದು ನಿಂತಿತು. ಮಕ್ಬುಲ ಅಷ್ಟು ದೂರದಲ್ಲಿ ಉರುಳಿ ಬಿದ್ದಿದ್ದ. ಜೀವವಿತ್ತು. ಎಡಗಾಲು ಮುರಿದಿತ್ತು.

ಅಲ್ಲಿದ್ದವರು ಹೊಳಿಯಪ್ಪನನ್ನು ಹೊಡೆಯುವುದೊಂದು ಬಾಕಿ. "ಕುಡದಾನ", "ಹುಚ್ಚ ಅದಾನ" ಎಂದರು. ಅವನು ಯಾರಿಗೂ ಉತ್ತರ ಕೊಡದೆ ಮಕ್ಬುಲನನ್ನು ಜೀಪಿನಲ್ಲಿ ಮಲಗಿಸಿಕೊಂಡು, ಕುಷ್ಟಗಿಯ ದವಾಖಾನೆಗೆ ಹಾಯಿಸಿದ. ನಾಕಾದಲ್ಲಿ ಅದೇ ಮುದುಕ ಇಣುಕಿ ನೋಡಿ, "ಇನ್ನೊಬ್ಬರು ಎಲ್ಲ್ರಿ?" ಎಂದ.

"ಎಲ್ಲಿ ಅದಾನ? ಕಾಣ್ತಾನೇನು ನಿನಗ?"

"ಇಲ್ಲಪಾ, ನೀವಿಬ್ಬರs ಅದೀರಿ."

ಹೊಳಿಯಪ್ಪ ಸ್ಟೇರಿಂಗಿಗೆ ಹಣೆ ಹಚ್ಚಿ ಅತ್ತುಬಿಟ್ಟ.

ಮಕ್ಬುಲ ಅವನ ಜೊತೆ ಮಾತು ಬಿಟ್ಟ. ಕಾಲು ಕೂಡಿತು, ಆದರೆ ತುಸು ಗಿಡ್ಡಾಯಿತು. ಊರಲ್ಲಿ ಎಲ್ಲರೂ ಹೊಳಿಯಪ್ಪನದೇ ತಪ್ಪು ಎಂದರು. ಅವನೂ ಇಲ್ಲ ಎನ್ನಲಿಲ್ಲ. ಗ್ಯಾರೇಜಿನಲ್ಲಿ ಜಾವಾ ಬಿಚ್ಚಿದಾಗ ಮುಂದಿನ ಫೋರ್ಕಿನ ಬುಡದಲ್ಲಿ ಕೂದಲೆಳೆಯಂಥ ಬಿರುಕು ಸಿಕ್ಕಿತಂತೆ. ಬಿದ್ದಾಗ ಬಿಟ್ಟ ಬಿರುಕೋ, ಮೊದಲೇ ಇದ್ದದ್ದೋ, ಹೇಳುವವರು ಯಾರು?

ಮಳೆಗಾಲ ಹಿಡಿದ ಮೇಲೆ ಒಂದು ಸಂಜೆ ಮಕ್ಬುಲ ಕೋಲೂರಿಕೊಂಡು ಸ್ಟ್ಯಾಂಡಿಗೆ ಬಂದ. ಜೀಪಿನ ಹತ್ತಿರ ಬಂದು ನಿಂತನೇ ಹೊರತು ಒಳಗೆ ಕೂರಲಿಲ್ಲ.

"ಒಂದು ಮಾತು ಖರೇ ಹೇಳ್ತಿ ಏನಣ್ಣ? ಅವತ್ತು ಜೀಪು ಅಡ್ಡ ತಂದಾಗ ನಿನ್ನ ಮಗ್ಗಲಾಗ ಯಾರು ಕುಂತಿದ್ದ?"

"ಯಾರೂ ಇದ್ದಿಲ್ಲ. ನಾನೊಬ್ಬನs."

"ಇದ್ದ" ಎಂದ ಮಕ್ಬುಲ. ಅವನ ದನಿ ಮೆಲ್ಲಗಿತ್ತು. "ಬಿಸಲಾಗ ಮೊದಲು ನನಗ ನೀ ಕಾಣ್ಲಿಲ್ಲ, ಜೀಪೂ ಕಾಣ್ಲಿಲ್ಲ. ಅವಾ ಕಂಡ. ಎರಡೂ ಕೈ ಎತ್ತಿ ನಿಂದ್ರು ನಿಂದ್ರು ಅಂತಿದ್ದ. ಅದಕ್ಕs ಬ್ರೇಕ್ ಹಿಡದೆ. ಮುಖ ನೋಡಿದೆ ಅಣ್ಣ. ನಂದs ಮುಖ."

ಹೊಳಿಯಪ್ಪ ಖಾಲಿ ಇದ್ದ ಪಕ್ಕದ ಸೀಟಿನ ಕಡೆ ನೋಡಿದ. ತನ್ನ ಜೀಪಿನಲ್ಲಿ ಕುಳಿತು ಕೈ ಎತ್ತಿದವನೂ, ಬಿಸಿಲಿನೊಳಗೆ ಮಕ್ಬುಲನ ಬೆನ್ನು ಹತ್ತಿ ಬಂದವನೂ ಒಬ್ಬನೋ, ಬೇರೆ ಬೇರೆಯೋ? ಇಬ್ಬರೂ ಒಂದೊಂದು ಬೀಡಿ ಹಚ್ಚಿ, ಮಳೆ ಬರುವ ತನಕ ಅಲ್ಲೇ ನಿಂತಿದ್ದರು.

ಅವರ ಗೆಳೆತನ ಮತ್ತೆ ಕೂಡಿತು. ಮಕ್ಬುಲನ ಮದುವೆಯಾಯಿತು, ಗ್ಯಾರೇಜು ದೊಡ್ಡದಾಯಿತು. ಗಾಡಿ ರಿಪೇರಿ ಮಾಡುತ್ತಿದ್ದ, ಹತ್ತುತ್ತಿರಲಿಲ್ಲ. ಹೊಳಿಯಪ್ಪ ಮುಂದೆಯೂ ಹೆಣ ಸಾಗಿಸಿದ, ಮದುಮಕ್ಕಳನ್ನು ಸಾಗಿಸಿದ. ಆದರೆ ಒಬ್ಬನೇ ಹೊರಟಾಗ ಮಾತ್ರ, ಒಂದು ತುಂಬಿದ ಗೋಣಿಚೀಲವನ್ನೋ, ನೀರಿನ ಕೊಡವನ್ನೋ ಪಕ್ಕದ ಸೀಟಿನ ಮೇಲಿಟ್ಟು, ಹಗ್ಗ ಬಿಗಿದು, ಜಾಗ ಭರ್ತಿಯಾಗಿದೆ ಎಂಬುದನ್ನು ಕೈಯಿಂದ ಮುಟ್ಟಿ ನೋಡಿಕೊಂಡ ಮೇಲೆಯೇ ಜೀಪು ಬಿಡುತ್ತಿದ್ದ.